ಗೋಧಿಯ ಹೊಲದ ಕಳೆ

ದಾಖಲೆ ಪತ್ರಗಳು ಎಷ್ಟೋ ಸಲ ತಮ್ಮನ್ನು ಬರೆಸಿದವರ ವಿರುದ್ಧವೇ ಸಾಕ್ಷಿ ನುಡಿಯುತ್ತವೆ. ಇಂಗ್ಲೆಂಡಿನ ದೊರೆ ಎಥೆಲ್‌ರೆಡ್ 1004ರ ಡಿಸೆಂಬರ್ 7ರಂದು ಆಕ್ಸ್‌ಫರ್ಡ್ ಪಟ್ಟಣದ ಸಂತ ಫ್ರೈಡ್ಸ್‌ವೈಡ್ ಮಠಕ್ಕೆ ಕೊಟ್ಟ ಸನದು ಅಂಥದ್ದೊಂದು. ಮೇಲ್ನೋಟಕ್ಕೆ ಅದು ಆಸ್ತಿಗೆ ಸಂಬಂಧಿಸಿದ ಸಾಮಾನ್ಯ ಕಾಗದ. ಮಠದ ಚರ್ಚು ಸುಟ್ಟುಹೋಗಿತ್ತು, ಅದರೊಡನೆ ಹಳೆಯ ಪುಸ್ತಕ ಪತ್ರಗಳೂ ಬೂದಿಯಾಗಿದ್ದವು. ಆದ್ದರಿಂದ ದೊರೆ ಹೊಸ ಪತ್ರ ಬರೆಸಿ ಮಠದ ಭೂಮಿಕಾಣಿ ಮಠಕ್ಕೇ ಸೇರಿದ್ದೆಂದು ಖಚಿತಪಡಿಸಿದ. ಆದರೆ ಚರ್ಚು ಸುಟ್ಟದ್ದು ಹೇಗೆ ಎಂಬುದನ್ನು ಎಲ್ಲಾದರೂ ಹೇಳಲೇಬೇಕಲ್ಲ? ದೊರೆ ಅದನ್ನು ಮುಚ್ಚಿಡಲಿಲ್ಲ. ನಾಚಿಕೆಯೂ ಪಡಲಿಲ್ಲ.

ಸನದಿನ ಪ್ರಕಾರ ನಡೆದದ್ದು ಇಷ್ಟು. ಎರಡು ವರ್ಷಗಳ ಹಿಂದೆ ದೊರೆ ತನ್ನ ಹಿರಿಯರು ಮತ್ತು ಸರದಾರರ ಸಲಹೆ ಪಡೆದು ಒಂದು ಫರ್ಮಾನು ಹೊರಡಿಸಿದ್ದ. ಗೋಧಿಯ ನಡುವೆ ಕಳೆ ಹುಟ್ಟಿದಂತೆ ಈ ದ್ವೀಪದಲ್ಲಿ ಹುಟ್ಟಿಕೊಂಡಿರುವ ಡೇನರನ್ನೆಲ್ಲ ಕೊಂದು ಮುಗಿಸಬೇಕು ಎಂಬುದು ಅದರ ಸಾರ. ಈ ಸಂಹಾರ ಸಂಪೂರ್ಣ ನ್ಯಾಯವಾದದ್ದು ಎಂದೂ ಸನದು ಹೇಳುತ್ತದೆ. ಆಕ್ಸ್‌ಫರ್ಡಿನಲ್ಲಿದ್ದ ಡೇನರು ಜೀವ ಉಳಿಸಿಕೊಳ್ಳಲು ಓಡಿ, ಚರ್ಚಿನ ಬಾಗಿಲು ಅಗುಳಿಗಳನ್ನು ಮುರಿದು ಒಳಗೆ ಸೇರಿಕೊಂಡರು. ದೇವರ ಮನೆಯಲ್ಲಿ ಆಶ್ರಯ ಸಿಗುವುದೆಂದು ಅವರ ನಂಬಿಕೆ. ಪಟ್ಟಣದ ಮತ್ತು ಹೊರಪೇಟೆಯ ಜನ ಬೆನ್ನಟ್ಟಿ ಬಂದರು. ಅವರನ್ನು ಹೊರಗೆಳೆಯಲು ಆಗಲಿಲ್ಲ. ಕಟ್ಟಡದ ಮರಕ್ಕೆ ಬೆಂಕಿ ಇಟ್ಟರು. ಚರ್ಚು, ಅದರ ಒಡವೆಗಳು, ಪುಸ್ತಕಗಳು ಎಲ್ಲ ಸುಟ್ಟವು. ದೇವರ ಸಹಾಯದಿಂದ ಅದನ್ನು ಮತ್ತೆ ಕಟ್ಟಿಸಿದ್ದೇನೆ ಎಂದು ದೊರೆ ಮುಂದುವರಿಸುತ್ತಾನೆ. ಸುಟ್ಟ ಪುಸ್ತಕಗಳ ಪ್ರಸ್ತಾಪ ಸನದಿನಲ್ಲಿದೆ. ಒಳಗಿದ್ದ ಮನುಷ್ಯರು ಎಷ್ಟು ಮಂದಿ, ಅವರ ಹೆಸರೇನು ಎಂಬುದು ಇಲ್ಲ.

ಈ ಕಳೆಯ ಮಾತಿನ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಸನದು ಬರೆದ ಗುಮಾಸ್ತ ಪಾದ್ರಿಗಳ ಪೈಕಿಯವನೇ ಇದ್ದಿರಬೇಕು, ಈ ಹೋಲಿಕೆಯನ್ನು ಆತ ಬೈಬಲಿನಿಂದಲೇ ತಂದಿದ್ದಾನೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳಿದ ಸಾಮತಿಯೊಂದಿದೆ. (ನಮ್ಮ ಮನೆಗಳಲ್ಲಿ ಹಜರತ್ ಈಸಾ ಎಂದೇ ಅವರ ಹೆಸರು.) ಒಬ್ಬ ಯಜಮಾನ ಹೊಲದಲ್ಲಿ ಒಳ್ಳೆಯ ಗೋಧಿ ಬಿತ್ತುತ್ತಾನೆ. ರಾತ್ರಿ ಶತ್ರು ಬಂದು ಕಳೆಯ ಬೀಜ ಎರಚಿ ಹೋಗುತ್ತಾನೆ. ಎರಡೂ ಒಟ್ಟಿಗೆ ಬೆಳೆದಾಗ ಆಳುಗಳು, ಕಳೆಯನ್ನು ಕಿತ್ತು ಹಾಕೋಣವೇ ಎಂದು ಕೇಳುತ್ತಾರೆ. ಯಜಮಾನ ಬೇಡ ಎನ್ನುತ್ತಾನೆ. ಕಳೆ ಕೀಳಲು ಹೋಗಿ ಗೋಧಿಯನ್ನೂ ಕಿತ್ತೀರಿ, ಕೊಯ್ಲಿನವರೆಗೆ ಎರಡೂ ಬೆಳೆಯಲಿ, ಬೇರ್ಪಡಿಸುವುದು ಆಮೇಲಿನ ಮಾತು ಎಂಬುದು ಅವನ ಉತ್ತರ. ಕೊಯ್ಲು ಎಂದರೆ ಲೋಕದ ಕೊನೆ, ಬೇರ್ಪಡಿಸುವ ಕೆಲಸ ದೇವದೂತರದು, ಮನುಷ್ಯರದಲ್ಲ ಎಂದು ಮುಂದೆ ವಿವರಣೆಯೂ ಬರುತ್ತದೆ.

ಎಥೆಲ್‌ರೆಡನ ದರ್ಬಾರಿನಲ್ಲಿ ಈ ಸಾಮತಿ ಗೊತ್ತಿಲ್ಲದ ಬಿಷಪ್ಪರು ಒಬ್ಬರೂ ಇರಲು ಸಾಧ್ಯವಿಲ್ಲ. ಅವರು ಸಾಮತಿಯ ಅರ್ಧವನ್ನು ಮಾತ್ರ ತೆಗೆದುಕೊಂಡರು. ಕೀಳಬೇಡಿ ಎನ್ನಲು ಹೇಳಿದ ಕಥೆಯಿಂದಲೇ ಕೀಳುವುದಕ್ಕೆ ಪರವಾನಗಿ ಪಡೆದರು. ಕಥೆ ಬರೆದು ಬದುಕುವ ನಮಗೆ ಇದು ಬಹಳ ಕಾಲದಿಂದ ಚುಚ್ಚುತ್ತಿರುವ ಸಂಗತಿ. ಕಥೆಯೊಂದನ್ನು ಅದರ ಮಧ್ಯದಲ್ಲಿ ತುಂಡರಿಸಿ ಮನುಷ್ಯರ ಕುತ್ತಿಗೆಗೆ ಹಿಡಿಯಬಹುದು ಎಂಬುದು ಸಾವಿರ ವರ್ಷಗಳ ಹಿಂದೆಯೇ ಆಳುವವರಿಗೆ ಗೊತ್ತಿತ್ತು.

ಈ ಡೇನರು ಯಾರು? ಎಂಟನೆಯ ಶತಮಾನದ ಕೊನೆಯಲ್ಲಿ, 793ರಲ್ಲಿ ಲಿಂಡಿಸ್‌ಫಾರ್ನ್ ಮಠದ ಮೇಲೆ ನಡೆದ ದಾಳಿಯೊಂದಿಗೆ ಇಂಗ್ಲೆಂಡಿನ ಜನ ಉತ್ತರದ ಸಮುದ್ರಗಳ್ಳರ ಹೆಸರು ಕೇಳಿ ನಡುಗತೊಡಗಿದರು. 865ರಲ್ಲಿ ದೊಡ್ಡ ಸೈನ್ಯವೇ ಬಂದಿಳಿಯಿತು. 876ರ ಹೊತ್ತಿಗೆ ಆ ಸೈನ್ಯದವರಲ್ಲಿ ಹಲವರು ಯಾರ್ಕ್ ಸೀಮೆಯಲ್ಲಿ ಭೂಮಿ ಹಂಚಿಕೊಂಡು ನೇಗಿಲು ಹಿಡಿದರು. ಎಥೆಲ್‌ರೆಡನ ಮುತ್ತಾತನ ತಂದೆ ಆಲ್ಫ್ರೆಡ್ ಅವರೊಡನೆ ಕಾದಾಡಿ, ಸೋಲಿಸಿ, ಕೊನೆಗೆ ಒಪ್ಪಂದ ಮಾಡಿಕೊಂಡವನು. ಎಥೆಲ್‌ರೆಡನ ತಂದೆ ಎಡ್ಗರ್, ಡೇನರ ನಡುವೆ ಅವರದೇ ಕಟ್ಟುಕಟ್ಟಳೆ ನಡೆಯಲಿ ಎಂದು ಶಾಸನದಲ್ಲೇ ಬರೆಸಿದವನು. ಅಂದರೆ 1002ರ ಹೊತ್ತಿಗೆ ಆ ನೆಲದಲ್ಲಿ ಡೇನರ ಐದಾರು ತಲೆಮಾರು ಹುಟ್ಟಿ ಸತ್ತಿತ್ತು. ಮದುವೆ ಸಂಬಂಧಗಳಾಗಿದ್ದವು, ಸಂತೆ ವ್ಯಾಪಾರ ನಡೆದಿತ್ತು, ಮಾತು ಬೆರೆತಿತ್ತು. ಇಂದು ನಾವು ಕನ್ನಡದ ನಡುವೆ ಧಾರಾಳವಾಗಿ ಬಳಸುವ ಎಗ್, ನೈಫ್, ವಿಂಡೋ, ಸ್ಕೈ, ಹಸ್ಬೆಂಡ್ ಎಂಬ ಇಂಗ್ಲಿಷ್ ಶಬ್ದಗಳೆಲ್ಲ ಆ ಉತ್ತರದವರ ಬಾಯಿಂದ ಇಂಗ್ಲಿಷಿಗೆ ಬಂದವು. ಕಾನೂನು ಎಂಬರ್ಥದ ಲಾ ಎಂಬ ಶಬ್ದವೂ ಅವರದ್ದೇ. ಯಾವ ಜನರನ್ನು ಕಾನೂನಿನ ಹೊರಗೆ ನಿಲ್ಲಿಸಲಾಯಿತೋ ಅವರೇ ಆ ಭಾಷೆಗೆ ಕಾನೂನು ಎಂಬ ಪದವನ್ನು ಕೊಟ್ಟವರು.

ಇನ್ನು ದೊರೆಯ ಪಕ್ಷವನ್ನೂ ಕೇಳಬೇಕು. ಏಕಪಕ್ಷೀಯ ವಿಚಾರಣೆ ನಮ್ಮ ಉದ್ದೇಶವಲ್ಲ. ಎಥೆಲ್‌ರೆಡ್ ಪಟ್ಟಕ್ಕೆ ಬಂದದ್ದು 978ರಲ್ಲಿ, ಹತ್ತು ಹನ್ನೆರಡು ವರ್ಷದ ಹುಡುಗನಾಗಿದ್ದಾಗ. ಬಂದದ್ದಾದರೂ ಹೇಗೆ? ಅವನ ಮಲ ಅಣ್ಣ ಎಡ್ವರ್ಡ್ ದೊರೆಯಾಗಿದ್ದ. ಆ ಯುವಕ ಕಾರ್ಫ್ ಎಂಬಲ್ಲಿ ಮಲತಾಯಿ ಮತ್ತು ತಮ್ಮನನ್ನು ನೋಡಲು ಹೋದಾಗ ಅಲ್ಲೇ ಕೊಲೆಯಾದ. ಕೊಂದವರಿಗೆ ಶಿಕ್ಷೆಯಾಗಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ನಂತರ ಮಾಮ್ಸ್‌ಬರಿಯ ವಿಲಿಯಂ ಎಂಬ ಪಾದ್ರಿ ಒಂದು ಕಥೆ ಬರೆದಿದ್ದಾನೆ. ಅಣ್ಣನಿಗಾಗಿ ಅಳುತ್ತಿದ್ದ ಹುಡುಗನ ಮೇಲೆ ಸಿಟ್ಟಾದ ತಾಯಿ, ಕೋಲು ಸಿಗದೆ ಮೇಣದ ಬತ್ತಿಗಳಿಂದಲೇ ಅವನನ್ನು ಪ್ರಜ್ಞೆ ತಪ್ಪುವಂತೆ ಬಡಿದಳಂತೆ. ಮುಂದೆ ಜೀವಮಾನವಿಡೀ ಅವನಿಗೆ ಮೇಣದ ಬತ್ತಿ ಕಂಡರೆ ಭಯವಂತೆ. ಇತಿಹಾಸಕಾರರು ಇದನ್ನು ನಂಬುವುದಿಲ್ಲ, ನಾವೂ ನಂಬಬೇಕಾಗಿಲ್ಲ. ಆದರೆ ಭಯದಲ್ಲಿ ಬೆಳೆದ ದೊರೆ ಎಂಬ ಮಾತನ್ನು ಇಷ್ಟು ಚೆನ್ನಾಗಿ ಹೇಳುವ ಕಥೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರಲಿಲ್ಲ.

980ರಿಂದ ಹಡಗುಗಳು ಮತ್ತೆ ಬರತೊಡಗಿದವು. 991ರಲ್ಲಿ ಎಸೆಕ್ಸಿನ ಮಾಲ್ಡನ್ ಬಳಿ ನಡೆದ ಕಾಳಗದಲ್ಲಿ ಮುದುಕ ಸರದಾರ ಬಿರ್ತ್‌ನಾತ್ ಬಿದ್ದ. ಆ ವರ್ಷ ಆರ್ಚ್‌ಬಿಷಪ್ ಸಿಗೆರಿಕ್ ನೀಡಿದ ಸಲಹೆಯಂತೆ ದಾಳಿಕೋರರಿಗೆ 10,000 ಪೌಂಡ್ ಬೆಳ್ಳಿ ಕೊಟ್ಟು ಕಳಿಸಲಾಯಿತು. 994ರಲ್ಲಿ 16,000. 1002ರ ಆರಂಭದಲ್ಲಿ 24,000. ಒಂದು ಪೌಂಡಿಗೆ 240 ಬೆಳ್ಳಿ ಪೆನ್ನಿ. ಅಂದರೆ ಆ ಒಂದು ವರ್ಷದ ಕಪ್ಪವೇ 57 ಲಕ್ಷ 60 ಸಾವಿರ ನಾಣ್ಯ. ಎಥೆಲ್‌ರೆಡನ ಮುಖಮುದ್ರೆಯ ಪೆನ್ನಿಗಳು ಇಂಗ್ಲೆಂಡಿನ ಮಣ್ಣಿನಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚಾಗಿ ಸ್ಕ್ಯಾಂಡಿನೇವಿಯಾದ ಮಣ್ಣಿನಲ್ಲಿ ಸಿಕ್ಕಿವೆ. ಈ ಬೆಳ್ಳಿಯೆಲ್ಲ ರೈತನ ಕಣಜದಿಂದ ಬಂದದ್ದು. ಸುಟ್ಟ ಹಳ್ಳಿಗಳು, ಗುಲಾಮರಾಗಿ ಸಾಗಿಸಲ್ಪಟ್ಟ ಹೆಂಗಸರು ಮಕ್ಕಳು ಇವೆಲ್ಲ ಸುಳ್ಳಲ್ಲ. ಭಯ ಸುಳ್ಳಲ್ಲ.

ವಿಶ್ವಾಸಘಾತದ ಅನುಮಾನಕ್ಕೂ ಒಂದು ಕಾರಣವಿತ್ತು. ಪಾಲಿಗ್ ಎಂಬ ಡೇನ್ ನಾಯಕ ದೊರೆಯ ಚಾಕರಿಯಲ್ಲಿದ್ದ. ದೊರೆ ಅವನಿಗೆ ಜಹಗೀರು, ಚಿನ್ನ, ಬೆಳ್ಳಿ ಎಲ್ಲ ಕೊಟ್ಟಿದ್ದ. 1001ರಲ್ಲಿ ದಾಳಿಯ ಹಡಗುಗಳು ಬಂದಾಗ ಅವನು ಆಣೆ ಮುರಿದು, ತನ್ನ ಹಡಗುಗಳೊಡನೆ ಆ ಕಡೆ ಸೇರಿಕೊಂಡ. ಮರುವರ್ಷ ದೊರೆಯ ಕಿವಿಗೆ ಒಂದು ಸುದ್ದಿ ಬಿತ್ತು. ಡೇನರು ಅವನನ್ನೂ ಅವನ ಮಂತ್ರಾಲೋಚಕರನ್ನೂ ಮೋಸದಿಂದ ಕೊಂದು ರಾಜ್ಯ ಕಿತ್ತುಕೊಳ್ಳಲಿದ್ದಾರೆ ಎಂದು. ಆ ಕಾಲದ ವಾರ್ಷಿಕ ವೃತ್ತಾಂತದಲ್ಲಿ ಇರುವುದು ದೊರೆಗೆ ಹೀಗೆ ತಿಳಿಸಲಾಯಿತು ಎಂಬಷ್ಟೇ ಮಾತು. ಯಾರು ತಿಳಿಸಿದರು, ಸಾಕ್ಷ್ಯವೇನು ಎಂಬುದು ಇಲ್ಲ. ಇಂಗ್ಲೆಂಡಿನಲ್ಲಿರುವ ಡೇನ್ ಗಂಡಸರನ್ನೆಲ್ಲ ಕೊಲ್ಲಬೇಕೆಂದು ದೊರೆ ಆಜ್ಞೆ ಮಾಡಿದ. ದಿನ ನಿಗದಿಯಾಯಿತು. 1002ರ ನವೆಂಬರ್ 13, ಸಂತ ಬ್ರೈಸನ ಹಬ್ಬ.

ಈಗ ಪ್ರಶ್ನೆಗೆ ಬರೋಣ. ಭಯ ನಿಜವಾಗಿದ್ದರೆ, ಅಪಾಯ ನಿಜವಾಗಿದ್ದರೆ, ಒಬ್ಬಿಬ್ಬರ ದ್ರೋಹ ಕಣ್ಣಾರೆ ಕಂಡದ್ದೇ ಆಗಿದ್ದರೆ, ಪ್ರಜೆಗಳ ರಕ್ಷಣೆಯ ಹೊಣೆ ಹೊತ್ತ ಅರಸ ಅನುಮಾನದ ಮೇಲೆ ಒಂದು ಇಡೀ ಜನವರ್ಗವನ್ನು ಶಿಕ್ಷಿಸಬಹುದೇ? ಇದಕ್ಕೆ ಉತ್ತರ ಸುಲಭ ಎಂದು ಅನ್ನಿಸಬಹುದು. ಶಾಂತಿಯ ಕಾಲದಲ್ಲಿ, ಬಾಗಿಲು ಚಿಲಕ ಹಾಕಿ ಕುಳಿತು ಓದುವಾಗ ಸುಲಭವೇ. ಆದರೆ ನದಿಯ ತಿರುವಿನಲ್ಲಿ ಯಾವ ಕ್ಷಣವಾದರೂ ಹಡಗಿನ ಮೂತಿ ಕಾಣಿಸಬಹುದಾದ ಊರಿನಲ್ಲಿ, ಅದೇ ಭಾಷೆ ಮಾತನಾಡುವ ಮನೆಯೊಂದು ಪಕ್ಕದಲ್ಲಿದ್ದಾಗ, ನಮ್ಮೊಳಗಿನ ಒಳ್ಳೆಯತನ ಎಷ್ಟು ರಾತ್ರಿ ಬಾಳಿಕೆ ಬಂದೀತು? ಈ ಪ್ರಶ್ನೆಯನ್ನು ಬೇರೆಯವರಿಗೆ ಕೇಳುವ ಮೊದಲು ನಾವು ನಮಗೇ ಕೇಳಿಕೊಂಡಿದ್ದೇವೆ. ಉತ್ತರ ಹೇಳಲು ಧೈರ್ಯ ಸಾಲಲಿಲ್ಲ.

ಹಾಗಿದ್ದರೂ ಒಂದು ವಿಷಯ ನಮ್ಮನ್ನು ಬಿಡುವುದಿಲ್ಲ. ಅದೇ 1002ರಲ್ಲಿ, ಅದೇ ದೊರೆ, ನಿಜವಾಗಿ ಊರು ಸುಟ್ಟವರಿಗೆ, ನಿಜವಾಗಿ ಕತ್ತಿ ಹಿಡಿದು ಬಂದವರಿಗೆ 24,000 ಪೌಂಡ್ ಕೊಟ್ಟು ಕೈಮುಗಿದಿದ್ದ. ಕೆಲವೇ ತಿಂಗಳ ನಂತರ ಮನೆಮಾಡಿಕೊಂಡು ಪಟ್ಟಣಗಳಲ್ಲಿ ಇದ್ದವರನ್ನು ಕೊಲ್ಲಿಸಿದ. ಹಡಗು ಇದ್ದವರಿಗೆ ಬೆಳ್ಳಿ ಸಿಕ್ಕಿತು, ಹಡಗು ಇಲ್ಲದವರಿಗೆ ಕತ್ತಿ ಸಿಕ್ಕಿತು. ಇತಿಹಾಸಕಾರರು ಇನ್ನೊಂದನ್ನೂ ಗುರುತಿಸುತ್ತಾರೆ. ಡೇನರ ವಂಶದವರು ದೊಡ್ಡ ಸಂಖ್ಯೆಯಲ್ಲಿದ್ದ ಪೂರ್ವ ಮತ್ತು ಉತ್ತರದ ಸೀಮೆಗಳಲ್ಲಿ ಈ ಫರ್ಮಾನು ನಡೆಯುವಂತೆಯೇ ಇರಲಿಲ್ಲ. ನಡೆದದ್ದು ಅವರು ವಿರಳವಾಗಿದ್ದ ಕಡೆ. ಹೊಸದಾಗಿ ಬಂದು ನೆಲೆಸಿದವರು, ವ್ಯಾಪಾರಿಗಳು, ಕೂಲಿ ಸೈನಿಕರು ಇದಕ್ಕೆ ಗುರಿಯಾಗಿರಬೇಕು ಎಂಬುದು ಅವರ ಊಹೆ. ಅಪಾಯ ಎಷ್ಟು ಎಂಬ ಲೆಕ್ಕಕ್ಕೆ ಇದು ಹೊಂದುವುದಿಲ್ಲ. ಯಾರನ್ನು ಕೊಲ್ಲುವುದು ಸುಲಭ ಎಂಬ ಲೆಕ್ಕಕ್ಕೆ ಹೊಂದುತ್ತದೆ. ಭಯದಿಂದ ಹೀಗಾಯಿತು ಎಂದು ಎಥೆಲ್‌ರೆಡನನ್ನು ಬಿಟ್ಟುಬಿಡಲು ನಮಗೆ ಮನಸ್ಸಾಗದಿರುವುದು ಇದಕ್ಕೇ. ಅವನ ಭಯಕ್ಕೆ ಬಲಶಾಲಿ ಯಾರು, ದುರ್ಬಲ ಯಾರು ಎಂಬ ವಿವೇಚನೆ ಚೆನ್ನಾಗಿಯೇ ಇತ್ತು.

ದ್ರೋಹ ರಕ್ತದಲ್ಲಿರುತ್ತದೆ ಎಂಬ ನಂಬಿಕೆಯಾದರೂ ಆ ಆಳ್ವಿಕೆಯಲ್ಲಿ ನಿಂತಿತೇ? ವೃತ್ತಾಂತವನ್ನು ತೆರೆದು ನೋಡಿದರೆ ವಿಚಿತ್ರ ಕಾಣಿಸುತ್ತದೆ. 992ರಲ್ಲಿ ಇಂಗ್ಲಿಷ್ ನೌಕಾಪಡೆಯ ಮುಖಂಡರಲ್ಲೊಬ್ಬನಾಗಿದ್ದ ಎಲ್ಫ್ರಿಕ್ ಎಂಬ ಸರದಾರ ಶತ್ರುವಿಗೆ ಮುಂಚಿತವಾಗಿ ಸುದ್ದಿ ಕೊಟ್ಟು, ಕಾಳಗದ ಹಿಂದಿನ ರಾತ್ರಿ ಜಾಗ ಖಾಲಿ ಮಾಡಿದ. ಅವನು ಇಂಗ್ಲಿಷ್‌ನವನು. ಮರುವರ್ಷ ದೊರೆ ಅವನ ಮಗನ ಕಣ್ಣು ಕೀಳಿಸಿದ, ಅಪ್ಪನನ್ನು ಮಾತ್ರ ಹುದ್ದೆಯಲ್ಲೇ ಉಳಿಸಿದ! 1003ರಲ್ಲಿ ಅದೇ ಎಲ್ಫ್ರಿಕ್ ಸೈನ್ಯ ಕಟ್ಟಿಕೊಂಡು ಹೋಗಿ, ಶತ್ರು ಕಣ್ಣಳತೆಗೆ ಬಂದಾಗ ಕಾಯಿಲೆ ಬಂದವನಂತೆ ನಟಿಸಿ ವಾಂತಿ ಮಾಡತೊಡಗಿದ. ಸೈನ್ಯ ಚದುರಿತು. 1009ರಲ್ಲಿ ಹಿಂದೆಂದೂ ಇಲ್ಲದಷ್ಟು ದೊಡ್ಡ ನೌಕಾಪಡೆ ಸಿದ್ಧವಾಗಿತ್ತು, ಇಬ್ಬರು ಇಂಗ್ಲಿಷ್ ಸರದಾರರ ಚಾಡಿ ಜಗಳದಲ್ಲಿ ಅದು ಹಾಳಾಯಿತು. ಕೊನೆಯಲ್ಲಿ ದೊರೆಯ ಅಳಿಯನೇ ಆದ ಎಡ್ರಿಕ್ ಸ್ಟ್ರಿಯೋನ 1015ರಲ್ಲಿ 40 ಹಡಗುಗಳೊಡನೆ ಶತ್ರು ಪಾಳೆಯ ಸೇರಿದ. ಅವನೂ ಇಂಗ್ಲಿಷ್‌ನವನೇ. ಇವರ ದ್ರೋಹಕ್ಕಾಗಿ ಇಂಗ್ಲಿಷರನ್ನೆಲ್ಲ ಕಳೆ ಎಂದು ಯಾರೂ ಕರೆಯಲಿಲ್ಲ. ಪಾಲಿಗ್ ದ್ರೋಹ ಬಗೆದಾಗ ಅದು ಡೇನರ ದ್ರೋಹವಾಯಿತು. ಎಲ್ಫ್ರಿಕ್ ದ್ರೋಹ ಬಗೆದಾಗ ಅದು ಎಲ್ಫ್ರಿಕನದು ಮಾತ್ರವಾಗಿತ್ತು.

ಇನ್ನೊಂದು ದಿಕ್ಕಿನಿಂದಲೂ ನೋಡಬಹುದು. 994ರಲ್ಲಿ ಲಂಡನ್ನಿಗೆ ಮುತ್ತಿಗೆ ಹಾಕಿದ ನಾಯಕರಲ್ಲಿ ಒಬ್ಬ ಓಲಾಫ್ ಟ್ರಿಗ್ವಾಸನ್. ಅವನು ನಾರ್ವೆಯವನು. (ಇಂಗ್ಲಿಷ್ ವೃತ್ತಾಂತಕಾರರಿಗೆ ಉತ್ತರದಿಂದ ಬಂದವರೆಲ್ಲ ಡೇನರೇ. ಹೆಸರಿನಲ್ಲೇ ಎಲ್ಲರನ್ನೂ ಒಂದು ಚೀಲಕ್ಕೆ ತುಂಬುವ ಕೆಲಸ ಮುಗಿದಿತ್ತು.) ದೊರೆ ಅವನನ್ನು ಆಂಡೋವರ್‌ಗೆ ಗೌರವದಿಂದ ಕರೆಸಿ, ಚರ್ಚಿನ ವಿಧಿಯಲ್ಲಿ ಅವನಿಗೆ ಧರ್ಮಪಿತನಾಗಿ ನಿಂತ. ಇನ್ನು ಮುಂದೆ ಇಂಗ್ಲೆಂಡಿಗೆ ಶತ್ರುವಾಗಿ ಬರುವುದಿಲ್ಲ ಎಂದು ಓಲಾಫ್ ಮಾತು ಕೊಟ್ಟ. ಆ ಮಾತನ್ನು ಉಳಿಸಿಕೊಂಡ. 1012ರಲ್ಲಿ ಥೋರ್ಕೆಲ್ ಎಂಬ ಡೇನ್ ನಾಯಕ 45 ಹಡಗುಗಳೊಡನೆ ಎಥೆಲ್‌ರೆಡನ ಪಕ್ಷಕ್ಕೆ ಬಂದ. ಮರುವರ್ಷ ಡೆನ್ಮಾರ್ಕಿನ ದೊರೆ ಸ್ವೇನ್ ದಂಡೆತ್ತಿ ಬಂದಾಗ ಇಂಗ್ಲಿಷ್ ಸೀಮೆಗಳು ಒಂದೊಂದಾಗಿ ಶರಣಾದವು. ಲಂಡನ್ ಗೋಡೆಯೊಳಗೆ ಎಥೆಲ್‌ರೆಡನ ಜೊತೆ ನಿಂತು ಕಾದಾಡಿದವನು ಈ ಥೋರ್ಕೆಲ್. ಡೇನರ ನಿಷ್ಠೆ ಎಂಬುದೊಂದು ಇದೆ ಎಂದು ಎಥೆಲ್‌ರೆಡ್ ಬಲ್ಲ. 1002ಕ್ಕೆ ಮೊದಲೂ ಬಲ್ಲ, ನಂತರವೂ ಬಲ್ಲ.

ನಾವು ಉರ್ದು ಶಾಲೆಯಲ್ಲಿ ಕಲಿಯುತ್ತಿದ್ದಾಗ ಒಂದು ಗಾದೆ ಬಾಯಿಪಾಠ ಮಾಡಿಸುತ್ತಿದ್ದರು. ಗೇಹೂಂ ಕೇ ಸಾಥ್ ಘುನ್ ಭೀ ಪಿಸ್ತಾ ಹೈ. ಗೋಧಿಯ ಜೊತೆ ಅದರಲ್ಲಿನ ನುಸಿಯೂ ಬೀಸುಕಲ್ಲಿಗೆ ಸಿಕ್ಕಿ ಹಿಟ್ಟಾಗುತ್ತದೆ ಎಂದರ್ಥ. ದೊಡ್ಡವರ ಜೊತೆ ಅಮಾಯಕನೂ ಪೆಟ್ಟು ತಿನ್ನುತ್ತಾನೆ ಎನ್ನಲು ಬಳಸುತ್ತಾರೆ. ಮೇಷ್ಟ್ರು ಇದನ್ನು ಲೋಕದ ಸಹಜ ನಿಯಮವೆಂಬಂತೆ ಹೇಳುತ್ತಿದ್ದರು, ನಾವೂ ತಲೆಯಾಡಿಸುತ್ತಿದ್ದೆವು. ಆಮೇಲೆ ಕನ್ನಡ ಮಾಧ್ಯಮದಲ್ಲಿ, ಪದವಿ ತರಗತಿಯ ಇಂಗ್ಲೆಂಡಿನ ಇತಿಹಾಸದಲ್ಲಿ ಈ ದೊರೆಯ ಹೆಸರು ಸಿಕ್ಕಿತು. ಅವನಿಗೆ ಅನ್‌ರೆಡಿ ಎಂಬ ಬಿರುದು, ಅಂದರೆ ಸಿದ್ಧನಿಲ್ಲದವನು ಎಂದು ನಾವೆಲ್ಲ ನಕ್ಕದ್ದು ನೆನಪಿದೆ. ಪರೀಕ್ಷೆಗೆ ಸಿದ್ಧರಿಲ್ಲದ ಗೆಳೆಯರಿಗೆಲ್ಲ ಕೆಲವು ದಿನ ಅದೇ ಹೆಸರಾಯಿತು. ಬಿರುದಿನ ನಿಜವಾದ ಅರ್ಥ ತಿಳಿದದ್ದು ಬಹಳ ತಡವಾಗಿ. ಹಳೆಯ ಇಂಗ್ಲಿಷಿನಲ್ಲಿ ರೆಡ್ ಎಂದರೆ ಸಲಹೆ. ಎಥೆಲ್‌ರೆಡ್ ಎಂದರೆ ಉತ್ತಮ ಸಲಹೆ. ಅನ್‌ರೆಡ್ ಎಂದರೆ ಕೆಟ್ಟ ಸಲಹೆ, ದುರಾಲೋಚನೆ. ಹೆಸರಿನ ಮೇಲೆಯೇ ಕಟ್ಟಿದ ಕುಹಕ ಅದು. ಅವನು ಸತ್ತು ನೂರೈವತ್ತು ವರ್ಷ ದಾಟಿದ ಮೇಲಷ್ಟೇ ಬರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಬಿರುದಿನಲ್ಲೂ ಒಂದು ಅನುಕೂಲ ಅಡಗಿದೆ. ದೊರೆ ಕೆಟ್ಟವನಲ್ಲ, ಅವನ ಸುತ್ತಲಿನವರು ಕೆಟ್ಟವರು ಎಂಬ ಸಮಾಧಾನ ಎಲ್ಲ ದೇಶದ ಪ್ರಜೆಗಳಿಗೂ ಪ್ರಿಯ. ಸನದಿನಲ್ಲಿ ದೊರೆ ಕೂಡ ಸರದಾರರ ಸಲಹೆ ಪಡೆದೇ ಮಾಡಿದೆ ಎನ್ನುತ್ತಾನೆ. ಸರದಾರರನ್ನು ಕೇಳಿದ್ದರೆ ದೊರೆಯ ಅಪ್ಪಣೆ ಎನ್ನುತ್ತಿದ್ದರು. ಆಕ್ಸ್‌ಫರ್ಡಿನ ಜನರನ್ನು ಕೇಳಿದ್ದರೆ ಪತ್ರ ಬಂದಿತ್ತು ಎನ್ನುತ್ತಿದ್ದರು. ಹನ್ನೆರಡನೆಯ ಶತಮಾನದ ಹಂಟಿಂಗ್‌ಡನ್ನಿನ ಹೆನ್ರಿ ಎಂಬ ಚರಿತ್ರೆಕಾರ, ತಾನು ಬಾಲಕನಾಗಿದ್ದಾಗ ಮುಪ್ಪಾನು ಮುದುಕರಿಂದ ಕೇಳಿದ್ದೆಂದು ಹೇಳುವ ಮಾತಿದೆ. ದೊರೆ ಪ್ರತಿ ಪಟ್ಟಣಕ್ಕೂ ಗುಪ್ತ ಪತ್ರ ಕಳಿಸಿದ್ದನಂತೆ, ಒಂದೇ ದಿನ ಒಂದೇ ಹೊತ್ತಿಗೆ ಕೊಲ್ಲಬೇಕೆಂದು.

ನಮ್ಮ ಕಲ್ಪನೆ ಈ ಪತ್ರದ ಹಿಂದೆ ಹೋಗುತ್ತದೆ. ಪತ್ರಕ್ಕೆ ಕೈಕಾಲು ಇರುವುದಿಲ್ಲ. ಊರಿನ ಅಧಿಕಾರಿ ಅದನ್ನು ಓದಿಸಿ ಕೇಳಿರಬೇಕು. ಯಾರ ಮನೆ ಯಾವ ಬೀದಿಯಲ್ಲಿದೆ ಎಂದು ಯಾರೋ ತೋರಿಸಿರಬೇಕು. ನಾಲ್ಕು ತಲೆಮಾರಿನಿಂದ ಅಲ್ಲೇ ಇದ್ದವನ ನಾಲಗೆಯ ತೊದಲನ್ನು ಗುರುತಿಸಿ, ಇವನೂ ಅವರವನೇ ಎಂದು ಯಾರೋ ಹೇಳಿರಬೇಕು. ಬೆಂಕಿಗೆ ಒಣ ಹುಲ್ಲು ತಂದವನು ನಿನ್ನೆ ಅದೇ ಜನರಿಗೆ ಮೀನು ಮಾರಿದವನೂ ಆಗಿದ್ದಿರಬಹುದು. ತಂದವನ ಮನೆಯಲ್ಲಿ ಆ ರಾತ್ರಿ ಏನು ಮಾತು ನಡೆಯಿತು? ಒಂದಿಬ್ಬರಾದರೂ ಬಾಗಿಲು ಮುಚ್ಚಿಕೊಂಡು ಒಳಗೇ ಕುಳಿತರೇ? ಯಾರಾದರೂ ಹಿತ್ತಲ ಬಾಗಿಲಿನಿಂದ ಒಂದು ಮಗುವನ್ನು ದಾಟಿಸಿದರೇ? ವೃತ್ತಾಂತ ಮೌನ. ಬೇರೆ ಊರುಗಳಲ್ಲಿ ಪತ್ರ ತಲುಪಿಯೂ ಏನೂ ನಡೆಯದೆ ಹೋದದ್ದುಂಟೇ ಎಂಬುದಕ್ಕೂ ಮೌನವೇ. ನಡೆದ ಕೊಲೆಗೆ ದಾಖಲೆ ಉಳಿಯುತ್ತದೆ, ಎತ್ತದೆ ಇಳಿಸಿದ ಕೈಗೆ ದಾಖಲೆ ಇರುವುದಿಲ್ಲ.

2008ರಲ್ಲಿ ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜಿನ ಆವರಣದಲ್ಲಿ ಹೊಸ ಕಟ್ಟಡಕ್ಕೆ ಮುನ್ನ ಅಗೆಯುತ್ತಿದ್ದಾಗ, ಪ್ರಾಚೀನ ಕಾಲದ ಕಂದಕವೊಂದರಲ್ಲಿ ಮೂವತ್ತೈದರಷ್ಟು ಗಂಡಸರ ಅಸ್ಥಿಗಳು ಒಂದರ ಮೇಲೊಂದು ಎಸೆದಂತೆ ಬಿದ್ದಿದ್ದವು. ಹೆಚ್ಚಿನವರು ಹದಿನಾರರಿಂದ ಇಪ್ಪತ್ತೈದರ ಪ್ರಾಯದವರು. ತಲೆಗೆ, ಬೆನ್ನಿಗೆ ಬಿದ್ದ ಕತ್ತಿಯೇಟುಗಳಿದ್ದವು. ಕೈಯೆತ್ತಿ ತಡೆದುಕೊಂಡ ಗಾಯಗಳು ಕಾಣದಷ್ಟು ಕಡಿಮೆ. ಕೆಲವರ ಮೂಳೆ ಸುಟ್ಟಿತ್ತು. ಇವರು ಸಂತ ಬ್ರೈಸ್ ದಿನದಂದು ಸತ್ತವರೇ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಕೆಲವರ ಮೈಮೇಲೆ ಮಾಗಿದ ಹಳೆಯ ಗಾಯಗಳಿದ್ದುದರಿಂದ, ಇವರು ಸೆರೆಸಿಕ್ಕ ದಾಳಿಕೋರರೂ ಆಗಿದ್ದಿರಬಹುದು ಎನ್ನುವವರೂ ಇದ್ದಾರೆ. ಅವರು ಸೈನಿಕರೇ ಆಗಿದ್ದರೆನ್ನೋಣ. ಓಡುವವನ ಬೆನ್ನಿಗೆ ಹೊಡೆಯುವುದು ಯುದ್ಧವಲ್ಲ ಎಂಬುದನ್ನು ಎಲುಬೇ ಹೇಳುತ್ತಿದೆ.

ಅವರಲ್ಲಿ ಇಪ್ಪತ್ತರ ಹರೆಯದ ಒಬ್ಬನ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಡೆನ್ಮಾರ್ಕಿನ ಫ್ಯೂನೆನ್ ದ್ವೀಪದಲ್ಲಿ ಹೂತಿದ್ದ, ಐವತ್ತರ ಆಸುಪಾಸಿನ ಒಬ್ಬನಿಗೂ ಇವನಿಗೂ ಹತ್ತಿರದ ರಕ್ತಸಂಬಂಧವಿತ್ತು. ಚಿಕ್ಕಪ್ಪನೋ, ಅಜ್ಜನೋ, ಮಲ ಸಹೋದರನೋ ಹೇಳಲಾಗದು. 2021ರಲ್ಲಿ ಇಬ್ಬರ ಅಸ್ಥಿಗಳನ್ನೂ ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತು ಸಂಗ್ರಹಾಲಯದಲ್ಲಿ ಅಕ್ಕಪಕ್ಕ ಮಲಗಿಸಿದರು. ಒಬ್ಬನು ಊರಿನಲ್ಲೇ ಉಳಿದು ಮಣ್ಣಾದವನು, ಇನ್ನೊಬ್ಬನು ಹೋಗಿ ಬಾರದವನು.

ಫರ್ಮಾನಿನಿಂದ ದೊರೆಗೆ ದಕ್ಕಿದ್ದೇನು? ಮರುವರ್ಷವೇ ಸ್ವೇನ್ ಬಂದು ಎಕ್ಸಟರ್ ಸೂರೆ ಮಾಡಿದ, ವಿಲ್ಟನ್ ಸುಟ್ಟ. ಅದರ ಮುಂದಿನ ವರ್ಷ ನಾರ್ವಿಚ್ ಸುಟ್ಟ. ಅವನ ತಂಗಿ ಗುನ್‌ಹಿಲ್ಡ್ ಆ ಹತ್ಯಾಕಾಂಡದಲ್ಲಿ ಸತ್ತಿದ್ದಳು, ಸೇಡಿಗಾಗಿ ಬಂದ ಎಂದು ಮಾಮ್ಸ್‌ಬರಿಯ ವಿಲಿಯಂ ಬರೆಯುತ್ತಾನೆ. ಇದನ್ನೂ ಈಗಿನವರು ಅನುಮಾನದಿಂದಲೇ ನೋಡುತ್ತಾರೆ. ಸೇಡಿರಲಿ, ಬೆಳ್ಳಿಯ ಆಸೆಯಿರಲಿ, ಹಡಗುಗಳು ನಿಲ್ಲಲಿಲ್ಲ. 1007ರಲ್ಲಿ 36,000 ಪೌಂಡ್, 1012ರಲ್ಲಿ 48,000. ಆದರೆ ಫಲ ಸಿಗಲಿಲ್ಲವಾದ್ದರಿಂದ ತಪ್ಪು ಎಂದು ವಾದಿಸಲು ನಮಗೆ ಇಷ್ಟವಿಲ್ಲ. ಫಲ ಸಿಕ್ಕಿದ್ದರೆ? ಆ ದಿನದ ನಂತರ ಒಂದು ಹಡಗೂ ಬರದಿದ್ದರೆ ಆ ಚರ್ಚಿನ ಬೆಂಕಿ ಸರಿಯಾಗುತ್ತಿತ್ತೇ?

1009ರಲ್ಲಿ ಇನ್ನೂ ದೊಡ್ಡ ಸೈನ್ಯ ಬಂದಾಗ ದೊರೆ ದೇವರ ಕಡೆ ತಿರುಗಿದ. ಸಂತ ಮೈಕೇಲನ ಹಬ್ಬಕ್ಕೆ ಮೊದಲಿನ ಸೋಮವಾರ, ಮಂಗಳವಾರ, ಬುಧವಾರ ಇಡೀ ನಾಡು ಉಪವಾಸ ಮಾಡಬೇಕು, ಬರೀ ರೊಟ್ಟಿ, ಸೊಪ್ಪು, ನೀರು. ಎಲ್ಲರೂ ಬರಿಗಾಲಲ್ಲಿ ಚರ್ಚಿಗೆ ನಡೆಯಬೇಕು, ಪಾಪ ಒಪ್ಪಿಕೊಳ್ಳಬೇಕು. ಗುಲಾಮರಿಗೂ ಆ ಮೂರು ದಿನ ಕೆಲಸದಿಂದ ಬಿಡುವು, ಅವರೂ ಉಪವಾಸ ಮಾಡಲೆಂದು. ಅದೇ ಸುಮಾರಿಗೆ ತನ್ನ ಮುಖದ ಬದಲು ಕುರಿಮರಿ ಮತ್ತು ಪಾರಿವಾಳದ ಚಿತ್ರವಿರುವ ನಾಣ್ಯವನ್ನೂ ಟಂಕಿಸಿದ. ಉಪವಾಸದ ಮಹತ್ವ ಬಲ್ಲ ನಾವು ಇದನ್ನು ಲೇವಡಿ ಮಾಡಲಾರೆವು. ಆ ಮನುಷ್ಯ ನಿಜವಾಗಿಯೂ ಹೆದರಿದ್ದ, ನಿಜವಾಗಿಯೂ ಪ್ರಾರ್ಥಿಸಿದ್ದ. ಆದರೆ ಆ ಆಜ್ಞೆಯನ್ನು ಎಷ್ಟು ಸಲ ತಿರುವಿದರೂ ಸಂತ ಬ್ರೈಸ್ ದಿನದ ಹೆಸರು ಅದರಲ್ಲಿಲ್ಲ. ಪಾಪ ಎಂಬ ಪದ ಇದೆ, ಯಾವ ಪಾಪ ಎಂಬುದಿಲ್ಲ.

ಅದೇ ಆಳ್ವಿಕೆಯ ಇನ್ನೊಬ್ಬ ಮನುಷ್ಯನನ್ನು ಇಲ್ಲಿ ನೆನೆಯಬೇಕು. 1011ರಲ್ಲಿ ಕ್ಯಾಂಟರ್ಬರಿ ಬಿದ್ದಾಗ ಆರ್ಚ್‌ಬಿಷಪ್ ಆಲ್ಫೆಜ್ ಸೆರೆಸಿಕ್ಕರು. 994ರಲ್ಲಿ ಓಲಾಫನನ್ನು ಆಂಡೋವರ್‌ಗೆ ಕರೆತರಲು ಹೋದವರಲ್ಲಿ ಒಬ್ಬರು ಇವರೇ. ಸೈನ್ಯದವರು ಇವರ ಬಿಡುಗಡೆಗೆ ಪ್ರತ್ಯೇಕ ಹಣ ಕೇಳಿದರು. ತನಗಾಗಿ ಬಡಜನರಿಂದ ಏನೂ ಎತ್ತಬಾರದು ಎಂದು ಇವರು ತಡೆದರು. 1012ರ ಏಪ್ರಿಲ್ 19ರಂದು ಗ್ರೀನಿಚ್‌ನಲ್ಲಿ ಕುಡಿದು ಮತ್ತೇರಿದ್ದ ಸೈನಿಕರು ಎತ್ತಿನ ತಲೆಬುರುಡೆ, ಎಲುಬುಗಳನ್ನು ಎಸೆದು ಇವರನ್ನು ಕೊಂದರು. ಡೇನರ ಕ್ರೌರ್ಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ, ಅದನ್ನು ಮರೆಮಾಚುವ ಅಗತ್ಯವೂ ನಮಗಿಲ್ಲ. ಭಯಕ್ಕೆ ಎಲ್ಲ ಕಾರಣವೂ ಇದ್ದ ಜಾಗದಲ್ಲಿ ನಿಂತು, ತನ್ನ ಜೀವದ ಬೆಲೆಯನ್ನು ಇನ್ನೊಬ್ಬರ ತಲೆಗೆ ಕಟ್ಟಲು ಒಪ್ಪದವರೊಬ್ಬರು ಆ ನಾಡಿನಲ್ಲಿದ್ದರು ಎಂಬುದಷ್ಟೇ ನಮಗೆ ಮುಖ್ಯ.

1013ರ ಕೊನೆಯಲ್ಲಿ ಎಥೆಲ್‌ರೆಡ್ ರಾಜ್ಯ ಕಳೆದುಕೊಂಡು ಸಮುದ್ರ ದಾಟಿ ನಾರ್ಮಂಡಿಯ ಬಾಮೈದನ ಆಶ್ರಯಕ್ಕೆ ಹೋದ. ಆಶ್ರಯ ಬೇಡುವುದು ಎಂದರೇನೆಂದು ಅವನಿಗೂ ಗೊತ್ತಾಯಿತು. ಐದು ವಾರ ಕಳೆಯುವಷ್ಟರಲ್ಲಿ, 1014ರ ಫೆಬ್ರವರಿ 3ರಂದು ಸ್ವೇನ್ ಸತ್ತ. ಇಂಗ್ಲಿಷ್ ಹಿರಿಯರು ಎಥೆಲ್‌ರೆಡನಿಗೆ ಹೇಳಿಕಳಿಸಿದರು. ಹುಟ್ಟಿನಿಂದ ನಮ್ಮವನಾದ ಒಡೆಯನಿಗಿಂತ ಪ್ರಿಯರು ನಮಗೆ ಬೇರಿಲ್ಲ, ಆದರೆ ಹಿಂದಿಗಿಂತ ನ್ಯಾಯವಾಗಿ ಆಳುವುದಾದರೆ ಮಾತ್ರ ಬರಬೇಕು ಎಂದು. ದೊರೆಗೆ ಷರತ್ತು ಹಾಕಿ ಕರೆದ ಅಪರೂಪದ ಪ್ರಸಂಗ. ಅವನು ಮಗನನ್ನು ಕಳಿಸಿ ಒಪ್ಪಿಗೆ ತಿಳಿಸಿದ. ತಪ್ಪುಗಳನ್ನು ತಿದ್ದುತ್ತೇನೆ, ನನ್ನ ವಿರುದ್ಧ ಆಡಿದ್ದನ್ನೂ ಮಾಡಿದ್ದನ್ನೂ ಕ್ಷಮಿಸುತ್ತೇನೆ ಎಂದ. ಕ್ಷಮಿಸುವ ಮಾತು ಬಂತು, ಕ್ಷಮೆ ಬೇಡುವ ಮಾತು ಬರಲಿಲ್ಲ. ಇನ್ನು ಮುಂದೆ ಯಾವ ಡೇನ್ ದೊರೆಯಾದರೂ ಇಂಗ್ಲೆಂಡಿಗೆ ಶಾಶ್ವತವಾಗಿ ಬಹಿಷ್ಕೃತ ಎಂದೂ ಆಗಲೇ ಸಾರಲಾಯಿತು.

ಶಾಶ್ವತ ಎಂಬುದು ಮೂರು ವರ್ಷವೂ ಬಾಳಲಿಲ್ಲ. 1016ರ ಏಪ್ರಿಲ್ 23ರಂದು ಎಥೆಲ್‌ರೆಡ್ ಲಂಡನ್ನಿನಲ್ಲಿ ತೀರಿಕೊಂಡ. ವರ್ಷ ಮುಗಿಯುವ ಮೊದಲೇ ಅವನ ಮಗ ಎಡ್ಮಂಡನೂ ಸತ್ತು, ಸ್ವೇನನ ಮಗ ಕ್ನೂಟ್ ಇಡೀ ಇಂಗ್ಲೆಂಡಿನ ದೊರೆಯಾದ. ಎಥೆಲ್‌ರೆಡನ ವಿಧವೆ ಎಮ್ಮಾಳನ್ನೇ ಮದುವೆಯಾದ. 1018ರಲ್ಲಿ ಡೇನರೂ ಇಂಗ್ಲಿಷರೂ ಒಂದೆಡೆ ಕೂಡಿ, ಇನ್ನು ಮೇಲೆ ಎಡ್ಗರನ ಕಾನೂನಿನಂತೆ ಬಾಳುವುದೆಂದು ಒಪ್ಪಿಕೊಂಡರು. ಡೇನರಿಗೆ ಅವರ ಕಟ್ಟುಕಟ್ಟಳೆ ಇರಲಿ ಎಂದಿದ್ದ, ಎಥೆಲ್‌ರೆಡನ ತಂದೆ ಎಡ್ಗರನ ಕಾನೂನು. ಅವರು ಕೂಡಿದ್ದು ಆಕ್ಸ್‌ಫರ್ಡಿನಲ್ಲಿ. ಆ ವರ್ಷ ನಾಡಿನಿಂದ 72,000 ಪೌಂಡ್, ಲಂಡನ್ ಒಂದರಿಂದಲೇ 10,500 ಪೌಂಡ್ ಎತ್ತಲಾಯಿತು. ಹಣ ಪಡೆದ ಸೈನ್ಯದ ಒಂದು ಭಾಗ ಡೆನ್ಮಾರ್ಕಿಗೆ ಮರಳಿತು. 40 ಹಡಗುಗಳು ದೊರೆಯ ಬಳಿ ಉಳಿದವು.